ತಿಳಿ ಬೂದು ಯಾರ ಕಣ್ಣಿಗೆ?

ತಿಳಿ ಬೂದು ಬಣ್ಣಕ್ಕೆ ಒಂದು ಒಳ್ಳೇ ಹೆಸರಿದೆ: ಯಾರ ತಂಟೆಗೂ ಹೋಗದ ಬಣ್ಣ ಅಂತ. ಕೆಂಪು ಅಂದ್ರೆ ಒಬ್ಬರಿಗೆ ಇಷ್ಟ, ಇನ್ನೊಬ್ಬರಿಗೆ ತಲೆನೋವು. ಹಸಿರು ಅಂದ್ರೆ ಆಸ್ಪತ್ರೆ ನೆನಪಾಗತ್ತೆ. ಬೂದಿಗೆ ಯಾರೂ ಜಗಳ ಆಡಲ್ಲ. ಬೆಂಗಳೂರಿನ ಹೊಸ ಫ್ಲ್ಯಾಟುಗಳ ಬಾತ್‌ರೂಮು, ಹೋಟೆಲ್ಲಿನ ಬಾತ್‌ರೂಮು, ಇನ್‌ಸ್ಟಾಗ್ರಾಮಿನ ಬಾತ್‌ರೂಮು ಎಲ್ಲವೂ ಈಗ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದ ಹಾಗಿವೆ. ಈ ಗೀಳು ನಮಗೊಬ್ಬರಿಗೇ ಹತ್ತಿದ್ದೂ ಅಲ್ಲ. ಬ್ರಿಟನ್ನಿನ ಸೈನ್ಸ್ ಮ್ಯೂಸಿಯಂ ಸಮೂಹದ ಸಂಗ್ರಹದಲ್ಲಿರುವ ದಿನಬಳಕೆಯ ವಸ್ತುಗಳ ಸುಮಾರು 7,000 ಫೋಟೋಗಳನ್ನು 2020ರಲ್ಲಿ ಕಂಪ್ಯೂಟರಿನಿಂದ ಪರಿಶೀಲಿಸಿದರು. 1800ರ ಸುಮಾರಿನಿಂದ ಈಚೆಗೆ ಬೂದಿನ ಪಾಲು ಹೆಚ್ಚುತ್ತಲೇ ಬಂದದ್ದು ಅದರಲ್ಲಿ ಕಂಡಿತು.

ಇರ್ಲಿ, ಬಚ್ಚಲಿಗೆ ಬೂದು ಬಳಿಯೋದ್ರಲ್ಲಿ ಸರಿ ತಪ್ಪಿನ ಪ್ರಶ್ನೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಮ್ಮ ಸ್ವಂತ ಬಚ್ಚಲಾದರೆ ಬಹುಶಃ ಬರಲ್ಲ. ಊರಲ್ಲಿ ಅಪ್ಪ ಅಮ್ಮ ಇರುವ ಮನೆಯ ಬಚ್ಚಲಿಗೆ, ಇಲ್ಲಿ ಕೂತು, ನಮ್ಮ ದುಡ್ಡಲ್ಲಿ, ನಮ್ಮ ಫೋನಿನ ಪರದೆ ನೋಡಿ ಬಣ್ಣ ಆರಿಸುವಾಗ ಬರತ್ತೆ.

ಜೋಯಿಡಾ ತಾಲ್ಲೂಕಿನ ಕುಂಬಾರವಾಡದ ಕಡೆಯ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಅವನ ಊರಿನದೇ ಹೆಸರು. ಸುತ್ತ ಕಾಡು, ಜೂನ್ ಬಂತೆಂದರೆ ಬಿಡದ ಮಳೆ. ಅವರ ಹಳೇ ಬಚ್ಚಲು ಮನೆಯ ಹಿಂದೆ ಬೇರೆಯಾಗಿ ನಿಂತಿತ್ತು. ಚಿರೆಕಲ್ಲಿನ ಗೋಡೆ, ಹಂಡೆ, ಕೆಳಗೆ ಒಲೆ. ರಾತ್ರಿ ಹೊತ್ತು ಆಯಿ ಅಂಗಳ ದಾಟಿ ಹೋಗಬಾರದು ಅಂತ ಮನೆಗೆ ಅಂಟಿದ ಹಾಗೆ ಹೊಸ ಬಾತ್‌ರೂಮು ಕಟ್ಟಿಸಿದ. ಬಿಳಿ ಕಮೋಡು, ತಿಳಿ ಬೂದು ಟೈಲ್ಸು. ಮೇಲಿನ ಗೋಡೆಗೆ ಪೇಂಟು ಬಾಕಿ ಇತ್ತು. ಶೇಡ್ ಕಾರ್ಡಿನಲ್ಲಿ ಐದು ಥರದ ಬೂದಿಗೆ ಗುರುತು ಹಾಕಿ ವಾಟ್ಸಾಪ್ ಮಾಡಿದ. ನೆಟ್‌ವರ್ಕ್ ಸಿಕ್ಕಾಗ ಆಯಿ ಕೊಂಕಣಿಯಲ್ಲಿ ಕಳಿಸಿದ ಉತ್ತರ ಕನ್ನಡದಲ್ಲಿ ಹೀಗಾಗತ್ತೆ: "ನಿಂಗೆ ಯಾವ್ದು ಚಂದ ಕಾಣ್ತದೆ ಅದೇ ಹಾಕು ಮಗಾ. ನಮ್ಗೆಂತ?"

ಈ "ನಮ್ಗೆಂತ" ನಮ್ಮೆಲ್ಲರ ಮನೆಯಲ್ಲೂ ಇದೆ. ಅದು ಒಪ್ಪಿಗೆಯೋ, ಸಂಕೋಚವೋ, ದುಡ್ಡು ಹಾಕುವ ಮಗನ ಎದುರು ತನ್ನ ಇಷ್ಟ ಹೇಳೋಕೆ ಹಿಂಜರಿಕೆಯೋ ಗೊತ್ತಾಗಲ್ಲ. ಗೊತ್ತಾಗದಿದ್ದರೂ ನಾವು ಅದನ್ನು ಒಪ್ಪಿಗೆ ಅಂತಲೇ ಬರೆದುಕೊಂಡು ಪೇಂಟರಿಗೆ ಅಡ್ವಾನ್ಸ್ ಕಳಿಸ್ತೀವಿ. ಯಾಕಂದ್ರೆ ಹಾಗೆ ಬರೆದುಕೊಂಡರೆ ನಮಗೆ ಅನುಕೂಲ.

ಇಲ್ಲಿ ಕಣ್ಣಿನ ವಿಷಯ ಸ್ವಲ್ಪ ಹೇಳಬೇಕು. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಚಿಕ್ಕದಾಗತ್ತೆ, ಒಳಗಿನ ಮಸೂರ ಹಳದಿಗಟ್ಟತ್ತೆ. ಇಪ್ಪತ್ತರ ಹರೆಯದ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರ ಕಣ್ಣಿಗೆ ದಕ್ಕತ್ತೆ ಅನ್ನೋದು ಕಣ್ಣಿನ ತಜ್ಞರು ಸಾಮಾನ್ಯವಾಗಿ ಕೊಡುವ ಲೆಕ್ಕ. ಪೊರೆ ಬಂದರೆ ಇನ್ನೂ ಕಮ್ಮಿ. ಒಂದಕ್ಕೊಂದು ಹತ್ತಿರದ ಬಣ್ಣಗಳನ್ನು ಬೇರೆ ಮಾಡಿ ನೋಡುವ ಶಕ್ತಿಯೂ ಕುಗ್ಗತ್ತೆ. ಬೂದು ನೆಲ, ಬೂದು ಗೋಡೆ, ಪಕ್ಕದಲ್ಲಿ ಬಿಳಿ ಕಮೋಡು: ನಮಗೆ ಇದು ಶಾಂತವಾಗಿ ಕಾಣತ್ತೆ. ಎಪ್ಪತ್ತರ ಕಣ್ಣಿಗೆ ನೆಲ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು, ಕಮೋಡಿನ ಅಂಚು ಎಲ್ಲಿದೆ ಅನ್ನೋದೇ ಮಬ್ಬು.

ಇದಕ್ಕೆ ಅಳತೆಯೂ ಇದೆ. ಪೇಂಟ್ ಕಂಪನಿಗಳು ಪ್ರತಿ ಶೇಡಿಗೆ ಎಲ್‌ಆರ್‌ವಿ ಅಂತ ಒಂದು ಅಂಕ ಕೊಡ್ತವೆ. ಆ ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡತ್ತೆ ಅನ್ನೋ ಲೆಕ್ಕ ಅದು. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 100. ದೃಷ್ಟಿ ಮಂದವಾದವರಿಗಾಗಿ ಗೋಡೆ, ನೆಲ, ಹಿಡಿಕೆಗಳ ನಡುವೆ ಸುಮಾರು 30 ಅಂಕದ ಅಂತರ ಇರಲಿ ಅನ್ನತ್ತೆ ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿ. ಇನ್‌ಸ್ಟಾಗ್ರಾಮ್ ಮೆಚ್ಚುವ ಬಾತ್‌ರೂಮಿನಲ್ಲಿ ಈ ಅಂತರ ಇಲ್ಲದಿರುವುದೇ ಸೌಂದರ್ಯ.

ಅಂದರೆ ಬೂದು ಪಕ್ಷಪಾತ ಇಲ್ಲದ ಬಣ್ಣ ಅಂತ ನಾವು ಅಂದುಕೊಂಡಿರೋದು ಅಷ್ಟು ನಿಜ ಅಲ್ಲ. ಚೆನ್ನಾಗಿ ಕಾಣುವ ಕಣ್ಣಿನ ಪಕ್ಷ ಅದು ಆಗಲೇ ಹಿಡಿದಿದೆ. ಯಾರಿಗೂ ತೊಂದರೆ ಇಲ್ಲ ಅಂತ ನಾವು ಹೇಳುವ ಎಷ್ಟೋ ಆಯ್ಕೆಗಳು ಹೀಗೇ ಇರ್ತವೆ. ತೊಂದರೆ ಆಗುವವರು ಆ ಮಾತು ಆಡುವಾಗ ಎದುರಿಗೆ ಇರಲ್ಲ, ಅಷ್ಟೇ.

ತಮಾಷೆ ಅಂದ್ರೆ ನಮ್ಮ ಬಚ್ಚಲಿಗೆ ಬೂದು ಹೊಸದೇನಲ್ಲ. ಬೂದು ಅನ್ನೋ ಮಾತಿನ ಪಕ್ಕದಲ್ಲೇ ಬೂದಿ ಇದೆ, ಬಚ್ಚಲೊಲೆಯ ತುಂಬ ಅದೇ ಇರ್ತಿತ್ತು, ಪಾತ್ರೆ ತಿಕ್ಕೋಕೂ ಅದೇ. ಆದರೆ ಹಳೇ ಮನೆಗಳು ಅಂಚನ್ನು ಮರೆಸುತ್ತಿರಲಿಲ್ಲ. ಸಗಣಿ ಸಾರಿಸಿದ ಕಪ್ಪು ನೆಲದ ಸುತ್ತ ಬಿಳಿ ಗೆರೆ, ಹೊಸ್ತಿಲಿಗೆ ರಂಗೋಲಿ, ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ. ಹಾಕಿದ್ದು ಚಂದಕ್ಕೆ, ಶಾಸ್ತ್ರಕ್ಕೆ. ಆದರೂ ಬುಡ್ಡಿದೀಪದ ಬೆಳಕಲ್ಲಿ ಹೊಸ್ತಿಲು ಎಡವದ ಹಾಗೆ ಅದು ಕಾಯ್ತಿತ್ತು.

ಜಪಾನಿನ ಲೇಖಕ ಜುನಿಚಿರೊ ತನಿಜಾಕಿ 1933ರಲ್ಲಿ ನೆರಳಿನ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಶೌಚಾಲಯಕ್ಕೂ ಜಾಗ ಕೊಟ್ಟಿದ್ದಾರೆ. ಫಳಫಳ ಹೊಳೆಯುವ ಬಿಳಿ ಟೈಲ್ಸು ಅವರಿಗೆ ಹಿಡಿಸದು. ಹಳೇ ಮರದ ಶೌಚಾಲಯದ ಮಬ್ಬುಗತ್ತಲೇ ಇಷ್ಟ. ಓದೋಕೆ ಚಂದ. ಆದರೆ ಮಬ್ಬನ್ನು ಸವಿಯೋಕೂ ಕಾಲು ಗಟ್ಟಿ ಇರಬೇಕು.

ಹಾಗಂತ ನಾಳೆಯೇ ಊರಿಗೆ ಹೋಗಿ ಗೋಡೆಗೆಲ್ಲ ಕಡು ಹಳದಿ ಬಳಿಸಿ, ಮೂಲೆ ಮೂಲೆಗೆ ಸ್ಟೀಲ್ ಹಿಡಿಕೆ ಹೊಡೆಸಿದರೆ? ಅದೂ ಅದೇ ದರ್ಬಾರು, ಕಾರಣ ಮಾತ್ರ ಬೇರೆ. ಮೊದಲು ನಮ್ಮ ರುಚಿ ಹೇರಿದ್ವಿ, ಈಗ ನಮ್ಮ ಭಯ ಹೇರ್ತೀವಿ. ಆಯಿಗೆ ತನ್ನ ಬಚ್ಚಲು ಆಸ್ಪತ್ರೆಯ ಥರ ಕಾಣೋದು ಬೇಡ ಇರಬಹುದು. ಪೇಟೆ ಮನೆಯ ಥರದ ಬೂದು ಬಾತ್‌ರೂಮು ನೆರೆಯವರು ಬಂದಾಗ ತೋರಿಸೋಕೆ ಅವರಿಗೂ ಆಸೆ ಇರಬಹುದು. ವಯಸ್ಸಾದವರಿಗೆ ಸುರಕ್ಷತೆ ಮಾತ್ರ ಬೇಕು, ಚಂದ ಬೇಡ ಅಂತ ನಾವೇ ತೀರ್ಮಾನ ಮಾಡೋದೂ ಒಂದು ಬಗೆಯ ಅವಮಾನ.

ಗೆಳೆಯ ಕೊನೆಗೆ ಮಾಡಿದ್ದು ಸುಲಭದ್ದು. ದಾಂಡೇಲಿಯಿಂದ ಎರಡು ಶೇಡಿನ ಸಣ್ಣ ಡಬ್ಬಿ ತರಿಸಿ ಗೋಡೆ ಮೇಲೆ ಎರಡೆರಡು ಅಡಿ ಬಳಿಸಿದ. ಒಂದು ವಾರ ಹಾಗೇ ಬಿಡಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿ ನೋಡಿ ಅಂದ. ಕಾಡಿನ ಹಸಿರು ಕಿಟಕಿಯಿಂದ ಬಿದ್ದು ಒಂದು ಬೂದು ಪಾಚಿಯ ಥರ ಕಂಡಿತು. ಇನ್ನೊಂದು ಬಿಳಿ ಎಲ್‌ಇಡಿ ಅಡಿಯಲ್ಲಿ ನೀಲಿಯಾಯ್ತು. ಫೋನಿನಲ್ಲಿ ಇದ್ಯಾವುದೂ ಕಂಡಿರಲಿಲ್ಲ. ಹಳದಿ ಛಾಯೆಯ ಬಲ್ಬು ಹಾಕಿದ ಮೇಲೆ ಆಯಿ ಎರಡನೆಯದನ್ನೇ ಆರಿಸಿದರು. ಬೂದು ಉಳೀತು. ಜೊತೆಗೆ ಕಮೋಡಿನ ಹಿಂದಿನ ಗೋಡೆಗೆ ಕಾವಿ ಕೆಂಪು, ನೆಲದ ಅಂಚಿಗೆ ಅದೇ ಕೆಂಪಿನ ಪಟ್ಟಿ ಬಂತು. ಕೆಂಪು ಆಯಿಯದೇ ಯೋಚನೆ. ಇನ್‌ಸ್ಟಾಗ್ರಾಮಿಗೆ ಹಾಕುವ ಹಾಗಿಲ್ಲ ಅಂತ ಮಗನ ಗೊಣಗಾಟ ಇನ್ನೂ ಇದೆ.

ದೂರದಿಂದ ಪ್ರೀತಿ ಮಾಡುವವರಿಗೆ ದುಡ್ಡು ಕಳಿಸೋದು ಸುಲಭ, ಕೇಳೋದು ಕಷ್ಟ. ಕೇಳೋದು ಅಂದ್ರೆ ಐದು ಶೇಡು ಕಳಿಸಿ "ಯಾವ್ದು ಇಷ್ಟ?" ಅನ್ನೋದಲ್ಲ, ಅದಕ್ಕೆ ಉತ್ತರ ಯಾವಾಗಲೂ "ನಮ್ಗೆಂತ" ಅಂತಲೇ ಬರತ್ತೆ. ರಾತ್ರಿ ಎದ್ದಾಗ ಸ್ವಿಚ್ಚು ಕೈಗೆ ಸಿಗತ್ತಾ, ಎಲ್ಲಿ ಕೈ ಊರಿ ನಿಲ್ತೀರಿ, ಕನ್ನಡಕ ಇಲ್ಲದೆ ಏನು ಕಾಣತ್ತೆ ಅಂತ ಕೇಳಿ ನೋಡಿ. ಈ ಪ್ರಶ್ನೆಗಳಿಗೆ ಅವರ ಹತ್ತಿರ ಉದ್ದದ ಉತ್ತರಗಳಿವೆ. ಬಣ್ಣ ಆಮೇಲೆ ಆರಿಸಬಹುದು.