ನಮ್ಮದೆನ್ನುವ ಪ್ರೀತಿ, ಅವರದೆನ್ನುವ ಗೌರವ

ಮಕ್ಕಳ ಹಾಡಿಲ್ಲದೆ ಸಂಘದ ಸಾಹಿತ್ಯ ಸಮಾರಂಭ ಪೂರ್ಣವಾಗುವುದಿಲ್ಲ. ನಾಡಗೀತೆಯಾದ ಮೇಲೆ ಪುಟಾಣಿಗಳು ಸಾಲಾಗಿ ನಿಂತು ಭಾಷೆಗೊಂದರಂತೆ ಹಾಡುತ್ತಾರೆ. ಪ್ರತಿ ಹಾಡಿಗೂ ಒಂದು ಉಡುಗೆ, ಪ್ರತಿ ಉಡುಗೆಗೂ ಒಂದು ಚಪ್ಪಾಳೆ. ‘ವಿವಿಧತೆಯಲ್ಲಿ ಏಕತೆ’ ಎಂದು ನಿರೂಪಕರು ಹೇಳುವ ಹೊತ್ತಿಗೆ ಸಭೆಯ ಕಣ್ಣು ತೇವವಾಗಿರುತ್ತದೆ. ಈ ಸಂತೋಷವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದರೊಳಗೇ ಒಂದು ಪ್ರಶ್ನೆಯಿದೆ. ಮತ್ತೊಬ್ಬರ ನುಡಿಯ ಹಾಡನ್ನು ನಮ್ಮ ವೇದಿಕೆಗೆ ತರುವಾಗ ನಾವು ಆ ನುಡಿಯನ್ನು ಗೌರವಿಸುತ್ತೇವೆಯೋ, ನಮ್ಮ ಸಂಭ್ರಮಕ್ಕೆ ಬಳಸಿಕೊಳ್ಳುತ್ತೇವೆಯೋ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ನೀಲಗಿರಿಗಿಂತ ಉಚಿತವಾದ ಸ್ಥಳ ನಮಗೆ ಸಿಗಲಾರದು. ಉದಕಮಂಡಲದ ಸಮೀಪದ ಇತ್ತಲಾರ್ ಬಡಗರ ಊರು; ಅವರ ಮಾತಿನಲ್ಲಿ ಹೇಳುವುದಾದರೆ ಒಂದು ಹಟ್ಟಿ. ಇಂಥ ಹಟ್ಟಿಯ ಮಗು ಮನೆಯಲ್ಲಿ ಬಡಗ ಕೇಳುತ್ತದೆ, ಪೇಟೆಯಲ್ಲಿ ತಮಿಳು ಮಾತನಾಡುತ್ತದೆ, ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಬರೆಯುತ್ತದೆ. ಅದೇ ಬೆಟ್ಟಗಳಲ್ಲಿ ತೋಡರು, ಕೋತರು, ಇರುಳರು, ಕುರುಂಬರು ಇದ್ದಾರೆ. ಗೂಡಲೂರಿನ ಕಡೆಗೆ ಇಳಿದರೆ ಮಲಯಾಳವೂ ಪಣಿಯರ ನುಡಿಯೂ ಕಿವಿಗೆ ಬೀಳುತ್ತವೆ. ಹೆಚ್ಚೇನೂ ವಿಸ್ತಾರವಲ್ಲದ ಒಂದು ಜಿಲ್ಲೆಯಲ್ಲಿ ಇಷ್ಟು ನಾಲಗೆಗಳು!

ಬಡಗ ಎಂದರೆ ಬಡಗು ದಿಕ್ಕಿನವನು. ಮೈಸೂರು ಸೀಮೆಯಿಂದ ಬಂದವರೆಂಬ ನೆನಪು ಆ ಹೆಸರಿನಲ್ಲಿಯೇ ಇದೆ. 1603ರಲ್ಲಿ ಬೆಟ್ಟ ಹತ್ತಿದ ಪಾದ್ರಿ ಫಿನಿಚಿಯೊ ಬರಹದಲ್ಲಿ ಬಡಗರ ಪ್ರಸ್ತಾಪವಿರುವುದರಿಂದ, ನಾನೂರು ವರ್ಷಗಳಿಗೂ ಹಿಂದೆಯೇ ಅವರು ಅಲ್ಲಿದ್ದರೆಂಬುದು ನಿಶ್ಚಿತ. ಅವರ ಮನೆ ನಮಗೂ ಮನೆ, ಅವರ ಹಬ್ಬ ನಮಗೂ ಹಬ್ಬ. ತಮಿಳರ ‘ಪಾಲು’ ನಮ್ಮಲ್ಲಿ ಹಾಲಾದಂತೆ ಅವರಲ್ಲಿಯೂ ಹಾಲೇ. ಹೊರನಾಡಿನಲ್ಲಿ ಇಂಥ ಮಾತು ಕಿವಿಗೆ ಬಿದ್ದಾಗ ನಮ್ಮ ಹೃದಯ ಹಿಗ್ಗುತ್ತದೆ. ‘ಅರೆ, ಇದು ನಮ್ಮ ಕನ್ನಡವೇ ಅಲ್ಲವೇ!’ ಎಂಬ ಉದ್ಗಾರ ತಾನಾಗಿಯೇ ಹೊರಡುತ್ತದೆ. ಜನಗಣತಿಯೂ ಹಾಗೆಯೇ ಎಣಿಸಿದೆ: 2011ರಲ್ಲಿ ಬಡಗವನ್ನು ತಾಯ್ನುಡಿಯೆಂದು ಬರೆಸಿದ 1,33,550 ಜನರನ್ನು ಕನ್ನಡದ ಲೆಕ್ಕದೊಳಗೆ ಸೇರಿಸಲಾಗಿದೆ.

ಈ ಉದ್ಗಾರದಲ್ಲಿ ಕಪಟವಿಲ್ಲ. ಆದರೆ ಪ್ರೀತಿಯಿಂದ ಹೇಳಿದ್ದೆಲ್ಲವೂ ಗೌರವವಾಗುವುದಿಲ್ಲ. ತನ್ನ ನುಡಿಗೆ ತನ್ನದೇ ಹೆಸರಿದೆ ಎಂದು ನಂಬಿರುವ ಮಗುವಿಗೆ ‘ನೀನು ಆಡುವುದು ನಮ್ಮ ಭಾಷೆಯ ಒಂದು ರೂಪ’ ಎಂದು ಹೇಳಿದರೆ, ಆ ಮಗು ಕೇಳಿಸಿಕೊಳ್ಳುವುದೇನು? ತನ್ನ ಅಜ್ಜಿಯ ಮಾತು ಪೂರ್ತಿ ಮಾತಲ್ಲ, ಇನ್ನೆಲ್ಲಿಯೋ ಇರುವ ಸರಿಯಾದ ಮಾತಿನ ತಪ್ಪು ನಕಲು ಎಂದು. ಈ ನೋವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ನೀಲಗಿರಿ ಮದರಾಸಿನಲ್ಲಿಯೇ ಉಳಿಯಿತು. ಎಣಿಕೆಯಲ್ಲಿ ಚಿಕ್ಕವರಾದವರ ಕಳವಳ ಏನೆಂದು ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ಅವರು ಬದುಕಿನುದ್ದಕ್ಕೂ ನಮಗೆ ನೆನಪಿಸುತ್ತ ಬಂದರು. ಅಲ್ಲಿ ನಮಗಾಗಿ ಕೇಳಿದ ನ್ಯಾಯವನ್ನು ಇಲ್ಲಿ ಬಡಗರಿಗೆ ಕೊಡದಿದ್ದರೆ, ನಾವು ಕೇಳಿದ್ದು ನ್ಯಾಯವಲ್ಲ, ಬರಿಯ ಪಾಲು ಎಂದಾಗುತ್ತದೆ.

ಬೇರೆ ಎನ್ನುವುದಕ್ಕೆ ಆಧಾರವೇನೆಂದು ಕೆಲವರು ಕೇಳಬಹುದು. ಆಧಾರ ಬಾಯಲ್ಲಿಯೇ ಇದೆ. ಭಾಷಾವಿಜ್ಞಾನಿ ಎಮೆನೋ 1939ರಲ್ಲಿ ಬಡಗದ ಸ್ವರಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ನಮ್ಮಲ್ಲಿ ಳ, ಣ ಮುಂತಾದ ವ್ಯಂಜನಗಳಿಗೆ ನಾಲಗೆ ಮಡಿಚಿಕೊಳ್ಳುತ್ತದೆ. ಬಡಗದಲ್ಲಿ ಸ್ವರಕ್ಕೇ ಮಡಿಚಿಕೊಳ್ಳುತ್ತದೆ, ಅದೂ ಎರಡು ಪ್ರಮಾಣಗಳಲ್ಲಿ. ಬಾಯಿ, ಬಳೆ, ಬೆಳೆ ಎಂಬ ನಮ್ಮ ಮೂರು ಪದಗಳು ಅಲ್ಲಿ ಒಂದೊಂದೇ ಅಕ್ಷರದವು. ಕನ್ನಡ ಲಿಪಿಯಲ್ಲಿ ಬರೆಯಹೋದರೆ ಮೂರೂ ‘ಬೆ’ ಆಗಿಬಿಡುತ್ತವೆ. ನಾಲಗೆ ನೇರವಾಗಿದ್ದರೆ ಬಾಯಿ, ಕೊಂಚ ಮಡಿಚಿದರೆ ಬಳೆ, ಇನ್ನಷ್ಟು ಮಡಿಚಿದರೆ ಬೆಳೆ. ಇಂದು ಎಲ್ಲರ ಮಾತಿನಲ್ಲಿಯೂ ಈ ಭೇದ ಅಷ್ಟು ಸ್ಪಷ್ಟವಾಗಿ ಉಳಿದಿಲ್ಲ. ಆದರೂ ನಮ್ಮ ಲಿಪಿ ಹಿಡಿಯಲಾರದ್ದು ಆ ನುಡಿಯಲ್ಲಿ ಇದೆ ಎಂಬುದು ಸಣ್ಣ ಪಾಠವಲ್ಲ. ಇದನ್ನು ಪುಸ್ತಕದಿಂದ ಕಲಿಸಲಾಗದು, ಹಾಡಿನಿಂದ ಕಲಿಸಬಹುದು. ಬಡಗ ಹಾಡೊಂದನ್ನು ಕಲಿಯಲು ಕುಳಿತ ಕನ್ನಡದ ಹುಡುಗ, ತನ್ನ ಪಕ್ಕದ ಬಡಗ ಹುಡುಗಿಯ ತುಟಿಯನ್ನೇ ನೋಡುತ್ತ, ನಾಲ್ಕು ಸಲ ತಪ್ಪಿ, ಐದನೆಯ ಸಲ ಸರಿಯಾಗಿ ಅಂದಾಗ ಅಲ್ಲಿ ಗುರು ಯಾರು? ಬಹುತ್ವದ ಬಗ್ಗೆ ನಾವು ಮಾಡುವ ಭಾಷಣಗಳೆಲ್ಲವನ್ನೂ ಆ ಒಂದು ಕ್ಷಣ ಮೀರಿಸುತ್ತದೆ.

ಎಲ್ಲ ಹಾಡೂ ವೇದಿಕೆಗೆ ಬರಬೇಕಾದದ್ದಲ್ಲ ಎಂಬುದನ್ನೂ ನೀಲಗಿರಿಯೇ ಕಲಿಸುತ್ತದೆ. ತೋಡರ ಹಾಡುಗಳನ್ನು ಎಮೆನೋ ಅವರೇ ದೊಡ್ಡ ಸಂಪುಟವಾಗಿ 1971ರಲ್ಲಿ ಪ್ರಕಟಿಸಿದ್ದಾರೆ. ಸಂದರ್ಭಕ್ಕೆ ತಕ್ಕಂತೆ, ಜೋಡಿ ಜೋಡಿ ನುಡಿಗಟ್ಟುಗಳಿಂದ ಕಟ್ಟುವ ಹಾಡುಗಳವು. ಸಂದರ್ಭದಿಂದ ಕಿತ್ತರೆ ಅರ್ಧ ಅರ್ಥ ಅಲ್ಲಿಯೇ ಉಳಿಯುತ್ತದೆ. ಕೋತರ ಕಥೆ ಇನ್ನೂ ಕಠಿಣ. ಹಿಂದೆ ಬಡಗರ, ತೋಡರ ಅಂತ್ಯಕ್ರಿಯೆಗಳಿಗೆ ಕೋತರೇ ವಾದ್ಯ ನುಡಿಸಬೇಕಾಗಿತ್ತು. ಅವರ ಸಂಗೀತ ಎಲ್ಲರಿಗೂ ಬೇಕಿತ್ತು, ಆದರೆ ನುಡಿಸುವವರ ಸ್ಥಾನ ಮೇಲಿರಲಿಲ್ಲ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಆ ವಾಡಿಕೆ ಮುರಿದುಬಿತ್ತು. ಇಂದು ಕೋತರು ತಮ್ಮ ದೇವರ ಹಬ್ಬಕ್ಕೆ, ತಮ್ಮವರ ಸಾವಿಗೆ ನುಡಿಸುತ್ತಾರೆ. ಒಬ್ಬರ ರಾಗವನ್ನು ಮೆಚ್ಚುವುದೂ ಅವರನ್ನು ಸಮಾನರೆಂದು ಕಾಣುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಹಾಗಾದರೆ ಅನ್ಯರ ಹಾಡನ್ನು ಮುಟ್ಟಲೇಬಾರದೇ? ಇಷ್ಟೊಂದು ಎಚ್ಚರ ವಹಿಸಿದರೆ ಮಕ್ಕಳ ಬಾಯಿ ಕಟ್ಟಿಹೋಗದೇ? ಈ ಆಕ್ಷೇಪಣೆಯಲ್ಲಿ ತಥ್ಯವಿದೆ. ಹಾಡದ ಹಾಡು ಸಾಯುತ್ತದೆ. ಚಿಕ್ಕ ನುಡಿಗಳಿಗೆ ನಮ್ಮ ಮೌನವೂ ಉಪಕಾರವಲ್ಲ. 1999ರಲ್ಲಿ ಯುನೆಸ್ಕೋ ಘೋಷಿಸಿದ ತಾಯ್ನುಡಿ ದಿನ ಫೆಬ್ರುವರಿ 21ಕ್ಕೆ ಬೀಳುವುದು, 1952ರ ಆ ದಿನ ಢಾಕಾದಲ್ಲಿ ತಮ್ಮ ನುಡಿಗಾಗಿ ವಿದ್ಯಾರ್ಥಿಗಳು ಪ್ರಾಣ ತೆತ್ತ ಕಾರಣಕ್ಕೆ. ಭಾಷೆಯ ಹಬ್ಬದ ಬೇರು ಭಾಷೆಯ ಹಕ್ಕಿನಲ್ಲಿದೆ. ಆದ್ದರಿಂದ ಬಿಡಬೇಕಾದದ್ದು ಹಾಡುವುದನ್ನಲ್ಲ, ಕೇಳದೆ ಎತ್ತಿಕೊಳ್ಳುವ ಅಭ್ಯಾಸವನ್ನು.

ನಮ್ಮಂಥ ಸಂಘಗಳಿಗೆ ಇದು ಕಷ್ಟದ ಕೆಲಸವಲ್ಲ. ಮಕ್ಕಳಿಗೆ ಹಾಡು ಹಂಚುವ ಮೊದಲು ‘ನಿನ್ನ ಮನೆಯಲ್ಲಿ ಅಜ್ಜಿ ಯಾವ ಹಾಡು ಹಾಡುತ್ತಾರೆ?’ ಎಂದು ಕೇಳೋಣ. ಆ ಹಾಡನ್ನು ಸಭೆಯಲ್ಲಿ ಹಾಡಬಹುದೇ ಎಂದು ಆ ಮನೆಯ ಹಿರಿಯರನ್ನೇ ವಿಚಾರಿಸೋಣ, ಬೇಡವೆಂದರೆ ಒಪ್ಪಿಕೊಳ್ಳೋಣ. ಅರ್ಥ ತಿಳಿಯದೆ ಯಾವ ಮಗುವೂ ಹಾಡದಿರಲಿ. ಬಡಗ ಹಾಡನ್ನು ಬಡಗ ಹಾಡೆಂದೇ ಸಾರೋಣ, ಕನ್ನಡದ ಬಾಲವನ್ನು ಅದಕ್ಕೆ ಅಂಟಿಸುವುದು ಬೇಡ. ಉಡುಗೆಗೆ ಬಹುಮಾನ ಕೊಡುವ ಬದಲು, ಗೆಳೆಯನ ಒಂದು ಹಾಡನ್ನು ಅವನಿಂದಲೇ ಕಲಿತು ಬಂದ ಮಗುವನ್ನು ಹರಸೋಣ.

ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಬಗೆದಿತ್ತು. ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿದ ಗ್ರಂಥವೂ ಅದೇ. ನೀಲಗಿರಿ ಇರುವುದು ಕಾವೇರಿಯ ತೆಂಕಣಕ್ಕೆ, ಆ ಗಡಿಯಾಚೆಗೆ. ಗಡಿಯೊಳಗಿನ ಪ್ರೀತಿ ಸುಲಭ. ಗಡಿಯಾಚೆ, ನಮ್ಮ ಮಾತಿನಂತೆಯೇ ಕೇಳಿಸುವ ಒಂದು ನುಡಿಯನ್ನು ನಮ್ಮದೆನ್ನದೆ ಪ್ರೀತಿಸಲು ಕಲಿತರೆ, ನಮ್ಮ ಕನ್ನಡತನ ಅದರಿಂದ ಕುಗ್ಗುವುದಿಲ್ಲ. ಇತ್ತಲಾರಿನ ಮಗುವೊಂದು ‘ಇದು ನಮ್ಮ ಹಾಡು, ನಿಮಗೂ ಕಲಿಸಲೇ?’ ಎಂದು ತಾನಾಗಿ ಕೇಳುವ ದಿನ ಬರಲಿ. ಅಂದು ನಾವು ಮಕ್ಕಳ ಸಾಲಿನಲ್ಲಿ ಕುಳಿತು ಕಲಿಯೋಣ.