ಕಂಡೆನೆಂಬ ಮಾತು

ಕಾಣದ್ದನ್ನು ಕಂಡೆನೆಂದು ನೀವು ಎಂದಾದರೂ ಹೇಳಿದ್ದುಂಟೇ? ‘ಛೆ, ಇಲ್ಲ’ ಎಂದು ತಟ್ಟನೆ ಉತ್ತರಿಸಬೇಡಿ. ನಾನೂ ಹಾಗೆಯೇ ಉತ್ತರಿಸುತ್ತಿದ್ದವನು. ಸುಳ್ಳು ಎಂಬುದು ನಾಲಗೆಯ ಕೆಲಸ, ನಾಲಗೆಯನ್ನು ಹಿಡಿತದಲ್ಲಿಟ್ಟವನು ಬಚಾವಾದ ಎಂದು ಮದ್ರಸಾದ ಮಕ್ಕಳಿಗೆ ಪಾಠ ಹೇಳಿದವನು. ಆದರೆ 2024ರ ಅಕ್ಟೋಬರ್ 10ರ ರಾತ್ರಿ ಹಾರೂಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ನನ್ನ ನಾಲಗೆ ಸುಳ್ಳನ್ನೇನೂ ಆಡಲಿಲ್ಲ. ಆದರೂ ಅಲ್ಲೊಂದು ಸುಳ್ಳು ಹುಟ್ಟಿತು. ಅದರ ತಂದೆ ನಾನೇ.

ಮೊದಲಿನಿಂದ ಹೇಳುತ್ತೇನೆ. ಅದೇ ವರ್ಷದ ಮೇ ತಿಂಗಳಲ್ಲಿ ಸೂರ್ಯನ ಮೈಮೇಲೆ ಒಂದು ದೊಡ್ಡ ಕಲೆ ಕಾಣಿಸಿಕೊಂಡಿತು. ಖಗೋಳಜ್ಞರು ಅದಕ್ಕೆ 3664 ಎಂಬ ಸಂಖ್ಯೆ ಕೊಟ್ಟಿದ್ದರು. ಅದರ ಅಗಲದಲ್ಲಿ ಸುಮಾರು ಹದಿನೈದು ಭೂಮಿಗಳನ್ನು ಸಾಲಾಗಿ ಇಡಬಹುದಿತ್ತು. ಅಲ್ಲಿಂದ ಒಂದರ ಹಿಂದೊಂದು ಸೌರಜ್ವಾಲೆಗಳು ಸಿಡಿದವು. ಜ್ವಾಲೆಯ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷ ಸಾಕು. ಅದರೊಂದಿಗೆ ಕೆಲವೊಮ್ಮೆ ಹೊರಚಿಮ್ಮುವ ವಿದ್ಯುತ್ ಕಣಗಳ ಮೋಡ ಮಾತ್ರ ಒಂದರಿಂದ ಮೂರು ದಿನ ಪ್ರಯಾಣ ಮಾಡಿ ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಆಗ ಧ್ರುವ ಪ್ರದೇಶಗಳ ಆಕಾಶದಲ್ಲಿ ಹಸಿರು, ಕೆಂಪು ಬೆಳಕಿನ ಪರದೆಗಳು ತೂಗಾಡುತ್ತವೆ. ಅದನ್ನೇ ಧ್ರುವಪ್ರಭೆ ಎನ್ನುತ್ತಾರೆ. ಮೇ 10ರ ರಾತ್ರಿ ಬಂದ ಕಾಂತ ಬಿರುಗಾಳಿ 2003ರ ನಂತರದ ಅತ್ಯಂತ ಪ್ರಬಲ ಬಿರುಗಾಳಿಯಾಗಿತ್ತು. ಧ್ರುವಗಳಿಂದ ಬಹುದೂರವಿರುವ ನಮ್ಮ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ವೀಕ್ಷಣಾಲಯದಲ್ಲಿಟ್ಟಿರುವ ಕ್ಯಾಮರಾಗಳಲ್ಲಿ ಉತ್ತರ ದಿಗಂತದ ಮೇಲೆ ಕೆಂಪು ಬೆಳಕು ದಾಖಲಾಯಿತು. ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಆಮ್ಲಜನಕದ ಪರಮಾಣುಗಳು ಹೊಮ್ಮಿಸುವ ಕೆಂಪು ಅದು.

ಮರುದಿನ ಆ ಚಿತ್ರ ಎಲ್ಲರ ಮೊಬೈಲುಗಳಿಗೂ ಬಂತು. ನನ್ನ ಬಳಿ ಸಂಜೆಯ ಪಾಠಕ್ಕೆ ಬರುವ ಐದಾರು ಹುಡುಗರು ಮುಖ ಸಣ್ಣದು ಮಾಡಿಕೊಂಡು ಬಂದರು. “ಸರ್, ನಾವು ಮಲಗಿಬಿಟ್ಟಿದ್ದೆವು!” ಎಂಬುದೇ ಅವರ ದುಃಖ. ಎಚ್ಚರವಿದ್ದರೂ ಇಲ್ಲಿಂದ ಕಾಣುತ್ತಿರಲಿಲ್ಲ ಎಂದು ಸಮಾಧಾನ ಹೇಳಿದೆ. ಹಾನ್ಲೆ ಸುಮಾರು ಮೂವತ್ತಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾರೂಗೇರಿ ಹದಿನಾರೂವರೆಯಲ್ಲಿ. ಆ ಬೆಳಕು ನಮಗೆ ದಿಗಂತಕ್ಕೆ ಅಂಟಿಕೊಂಡೋ, ಅದರ ಕೆಳಗೋ ಉಳಿಯುತ್ತದೆ. ಆದರೆ ಹುಡುಗರು ಅಷ್ಟಕ್ಕೆ ಬಿಡುವವರೇ? ಅವರಲ್ಲೊಬ್ಬ ಎಲ್ಲೋ ಓದಿಕೊಂಡು ಬಂದಿದ್ದ: 1872ರ ಫೆಬ್ರವರಿ 4ರಂದು ಮುಂಬಯಿಯಲ್ಲೇ ಧ್ರುವಪ್ರಭೆ ಕಂಡಿತ್ತಂತೆ, ಪತ್ರಿಕೆಯಲ್ಲಿ ವರದಿಯಾಗಿತ್ತಂತೆ. ಅದು ನಿಜವೇ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. “ಮತ್ತೆ ಸರ್, ಅಂದು ಮುಂಬಯಿಗೆ ಬಂದದ್ದು ಇಂದು ನಮ್ಮೂರಿಗೆ ಯಾಕೆ ಬರಬಾರದು?” ಎಂದ. ಬಿ.ಎ.ಯಲ್ಲಿ ಕನ್ನಡ ಓದಿದ ನನಗೆ ತರ್ಕದ ಈ ಪೆಟ್ಟಿಗೆ ಉತ್ತರ ಹೊಳೆಯಲಿಲ್ಲ. ಬಂದರೆ ಕಾಯೋಣ ಎಂದೆ.

ಅಂದಿನಿಂದ ನಾವು ಸೂರ್ಯನ ಬೆನ್ನು ಹತ್ತಿದೆವು. ಹಳೆಯ ಪುಟ್ಟ ದೂರದರ್ಶಕವೊಂದು ನನ್ನಲ್ಲಿತ್ತು. ಅದರೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡುವುದು ಕುರುಡುತನವನ್ನು ಕೈಯಾರೆ ಆಹ್ವಾನಿಸಿದಂತೆ. ನಾವು ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿ, ದಿನಾಂಕ ಬರೆದಿಡುತ್ತಿದ್ದೆವು. ತಾಯಂದಿರೇ, ಇದನ್ನೋದಿ ನಿಮ್ಮ ಮಕ್ಕಳು ಪ್ರಯತ್ನಿಸಿದರೆ ದಯವಿಟ್ಟು ಪಕ್ಕದಲ್ಲೇ ನಿಲ್ಲಿ.

ಅಕ್ಟೋಬರ್ 9ರಂದು ಮತ್ತೊಂದು ದೊಡ್ಡ ಜ್ವಾಲೆ ಸಿಡಿದ ಸುದ್ದಿ ಬಂತು. ಕಣಗಳ ಮೋಡ ಭೂಮಿಯತ್ತ ಹೊರಟಿದೆ ಎಂಬ ಮುನ್ಸೂಚನೆಯೂ ಬಂತು. ಮರುದಿನ ರಾತ್ರಿ, ಇಶಾ ನಮಾಝ್ ಮುಗಿಸಿ, ಮನೆಯವರ ಒಪ್ಪಿಗೆ ಪಡೆದು ಹುಡುಗರು ಮಾಳಿಗೆಗೆ ಬಂದರು. ಉತ್ತರಕ್ಕೆ ಮುಖಮಾಡಿ ಕುಳಿತೆವು. ಕೃಷ್ಣೆಯ ಆಚೆ ಅಥಣಿ ಕಡೆಯ ದೀಪಗಳ ಮಬ್ಬು ಬೆಳಕು, ಮೇಲೆ ತೆಳುವಾದ ಮೋಡ. ಗಂಟೆ ಹನ್ನೆರಡಾಯಿತು, ಒಂದಾಯಿತು. ಆಗ ಒಬ್ಬ ಹುಡುಗ ತನ್ನ ಮೊಬೈಲನ್ನು ಗೋಡೆಗೆ ಆನಿಸಿಟ್ಟು ಚಿತ್ರ ತೆಗೆದು ಕೂಗಿದ: “ಬಂತು! ಸರ್, ಬಂತು!” ಚಿತ್ರದಲ್ಲಿ ದಿಗಂತದ ಮೇಲೆ ಕೆಂಪು ಛಾಯೆ ಇತ್ತು. ತಲೆಯೆತ್ತಿ ನೋಡಿದೆ. ನನ್ನ ಕಣ್ಣಿಗೆ ಮೊದಲಿದ್ದ ಆ ಮಬ್ಬಿನ ಹೊರತು ಏನೂ ಕಾಣಲಿಲ್ಲ. ಹುಡುಗರ ಮುಖದಲ್ಲಿ ಮಾತ್ರ ಈದ್ ಇತ್ತು. “ಇರಬಹುದು” ಎಂದೆ.

ಮರುದಿನ ಚಹಾದ ಅಂಗಡಿಯ ಹೊತ್ತಿಗೆ ಆ ‘ಇರಬಹುದು’ ಬೆಳೆದು ದೊಡ್ಡದಾಗಿತ್ತು. ಹಾರೂಗೇರಿಯಲ್ಲಿ ಕೆಂಪು ಬೆಳಕು ಕಂಡಿತಂತೆ, ಸರ್ ಕೂಡ ಅಲ್ಲೇ ಇದ್ದರಂತೆ! ನಮ್ಮ ಮೊಹಲ್ಲಾದ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, “ಹೌದೇ ಸರ್, ನೀವು ಕಂಡಿರಾ?” ಎಂದು ಕೇಳಿದರು. ನಾನು ಮುಗುಳ್ನಕ್ಕೆ. ಅಷ್ಟೇ.

ಆ ನಗುವಿನ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕಾಗಿದೆ. ಇದರಲ್ಲಿ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ಯಾರ ಹಣವೂ ಹೋಗಲಿಲ್ಲ, ಮಾನವೂ ಹೋಗಲಿಲ್ಲ; ಮಕ್ಕಳಿಗೆ ಖುಷಿಯಾಯಿತು, ಊರಿಗೆ ಹೆಮ್ಮೆಯಾಯಿತು. ನನ್ನ ಮನಸ್ಸೂ ನನಗೆ ಇದೇ ವಕಾಲತ್ತು ಮಾಡಿತು. ಅಷ್ಟು ಸಾಲದೆಂಬಂತೆ, ಕ್ಯಾಮರಾ ಕಂಡದ್ದು ಸುಳ್ಳೇನಲ್ಲವಲ್ಲ, ಹಾನ್ಲೆಯಲ್ಲಿಯೂ ಕಂಡದ್ದು ಕ್ಯಾಮರಾವೇ ತಾನೇ ಎಂದೂ ವಾದಿಸಿತು.

ಈ ವಾದವನ್ನು ಕೊಂಚ ನಿಧಾನವಾಗಿ ನೋಡೋಣ. ಕ್ಯಾಮರಾ ಹಲವು ಸೆಕೆಂಡುಗಳ ಬೆಳಕನ್ನು ಕೂಡಿಹಾಕುತ್ತದೆ. ನಮ್ಮ ಕಣ್ಣಿಗೆ ಆ ಶಕ್ತಿಯಿಲ್ಲ, ಅದರಲ್ಲೂ ಮಂದವಾದ ಕೆಂಪನ್ನು ಕತ್ತಲೆಯಲ್ಲಿ ಗುರುತಿಸುವುದರಲ್ಲಿ ಅದು ಬಹಳ ದುರ್ಬಲ. ಆದ್ದರಿಂದ ಯಂತ್ರದ ಸಾಕ್ಷ್ಯ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಹಾನ್ಲೆಯ ವಿಜ್ಞಾನಿಗಳು ಯಾವ ಕ್ಯಾಮರಾ, ಯಾವ ಗಂಟೆ, ಯಾವ ದಿಕ್ಕು ಎಂಬುದನ್ನು ಬರೆದಿಡುತ್ತಾರೆ. ಊರ ದೀಪದ ಕೆಂಪಿಗೂ ಆಮ್ಲಜನಕದ ಕೆಂಪಿಗೂ ಇರುವ ಭೇದವನ್ನು ತಿಳಿದು ಮಾತಾಡುತ್ತಾರೆ. ನಾನು ಹೇಳಬೇಕಾಗಿದ್ದ ಸತ್ಯವೂ ಕಷ್ಟದ್ದೇನಲ್ಲ: ಮೊಬೈಲಿನಲ್ಲಿ ಕೆಂಪು ಬಿದ್ದಿದೆ, ನನ್ನ ಕಣ್ಣಿಗೆ ಕಾಣಲಿಲ್ಲ, ಅದು ಅಥಣಿಯ ದೀಪದ್ದೇ ಇರಬೇಕು. ಇಷ್ಟು ಹೇಳಿದ್ದರೆ ಚಹಾದ ಅಂಗಡಿಯಲ್ಲಿ ಯಾರೂ ಎರಡನೇ ಬಾರಿ ತಿರುಗಿ ನೋಡುತ್ತಿರಲಿಲ್ಲ. ನನಗೆ ಬೇಡವಾದದ್ದು ಅದೇ.

ಸೌರಜ್ವಾಲೆಯನ್ನು ಮೊಟ್ಟಮೊದಲು ಕಂಡವನ ಕಥೆಯನ್ನು ನಾನು ಹುಡುಗರಿಗೆ ಎಷ್ಟು ಬಾರಿ ಹೇಳಿದ್ದೆನೋ! ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸರಕಾರಿ ವಿಜ್ಞಾನಿಯಲ್ಲ, ಸ್ವಂತ ಆಸಕ್ತಿಯಿಂದ ಆಕಾಶ ನೋಡುತ್ತಿದ್ದ ಹವ್ಯಾಸಿ. 1859ರ ಸೆಪ್ಟೆಂಬರ್ 1ರಂದು ನಮ್ಮ ಹಾಗೆಯೇ ಸೂರ್ಯಬಿಂಬವನ್ನು ಪರದೆಯ ಮೇಲೆ ಬೀಳಿಸಿಕೊಂಡು ಕಲೆಗಳ ಚಿತ್ರ ಬರೆಯುತ್ತಿದ್ದಾಗ, ಕಲೆಗಳ ಗುಂಪಿನ ಮೇಲೆ ಎರಡು ಕಡೆ ಕಣ್ಣುಕುಕ್ಕುವ ಬಿಳಿ ಬೆಳಕು ಚಿಮ್ಮಿತು. ಆಗ ಅವನು ಮಾಡಿದ ಕೆಲಸ ಏನು ಗೊತ್ತೇ? ಸಾಕ್ಷಿಯನ್ನು ಕರೆತರಲು ಓಡಿದ್ದು. ಒಂದು ನಿಮಿಷದೊಳಗೆ ಮರಳಿ ಬರುವಷ್ಟರಲ್ಲಿ ಬೆಳಕು ಬಹುಪಾಲು ಕುಂದಿಹೋಗಿ ಅವನಿಗೆ ಬಹಳ ಬೇಸರವಾಯಿತು. ಅದೃಷ್ಟಕ್ಕೆ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿ ಬೇರೊಂದು ಕಡೆ ಅದನ್ನೇ ಕಂಡಿದ್ದ. ಇಬ್ಬರ ವರದಿಗಳೂ ಪ್ರಕಟವಾಗುವವರೆಗೆ ಕ್ಯಾರಿಂಗ್ಟನ್ ಅವನೊಂದಿಗೆ ವಿವರಗಳನ್ನು ಹಂಚಿಕೊಳ್ಳಲಿಲ್ಲ. ಒಬ್ಬನ ಸಾಕ್ಷ್ಯ ಇನ್ನೊಬ್ಬನ ಸಾಕ್ಷ್ಯದ ಮೇಲೆ ನೆರಳು ಬೀಳಿಸಬಾರದೆಂಬ ಎಚ್ಚರ ಅದು. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಸಾಕ್ಷಿಗಳ ಅಧ್ಯಾಯವನ್ನು ಓದಿದವರಿಗೆ ಈ ಎಚ್ಚರ ಹೊಸದಲ್ಲ. ಜ್ವಾಲೆ ಕಂಡ ಹದಿನೇಳು ಗಂಟೆ ಚಿಲ್ಲರೆಯಲ್ಲಿ ಭೂಮಿಗೆ ಭಾರೀ ಕಾಂತ ಬಿರುಗಾಳಿ ಬಡಿಯಿತು, ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣಗಳಲ್ಲೂ ಅದು ದಾಖಲಾಯಿತು. ಎರಡಕ್ಕೂ ಸಂಬಂಧವಿದೆಯೆಂದು ಸಾರಿದ್ದರೆ ಅವನಿಗೆ ಇನ್ನೂ ಕೀರ್ತಿ ಬರುತ್ತಿತ್ತು. ಅವನ ಊಹೆ ಸರಿಯೂ ಆಗಿರುತ್ತಿತ್ತು. ಆದರೆ ಒಂದೇ ಒಂದು ನಿದರ್ಶನದಿಂದ ಅಷ್ಟು ಹೇಳಲಾಗದೆಂದು ತಡೆದುಕೊಂಡ.

ಇದು ಪರರ ಮಾತಾಯಿತು. ನಮ್ಮ ಮನೆಯದೇ ಬೆಳಕು ಇದಕ್ಕಿಂತ ದೊಡ್ಡದಿದೆ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಖಗೋಳಜ್ಞರು ಲೆಕ್ಕ ಹಾಕಿದ್ದಾರೆ. ಪ್ರವಾದಿಯ ಮಗನ ಮರಣಕ್ಕೆ ಸೂರ್ಯನೇ ಕಪ್ಪಾದನೆಂದು ಜನ ಮಾತಾಡಿಕೊಂಡರು. ಯೋಚಿಸಿ ನೋಡಿ, ಆ ತಂದೆಯ ಎದೆಯಲ್ಲಿ ಅಂದು ಎಂಥ ದುಃಖವಿತ್ತು! ಅವರು ಸುಮ್ಮನಿದ್ದಿದ್ದರೆ ಸಾಕಿತ್ತು, ಜನರ ಭಕ್ತಿ ನೂರ್ಮಡಿಯಾಗುತ್ತಿತ್ತು. ಅವರು ಯಾವ ಸುಳ್ಳನ್ನೂ ಆಡಬೇಕಾಗಿರಲಿಲ್ಲ. ಆದರೆ ಅವರು ನಮಾಝ್ ನಿರ್ವಹಿಸಿ ಜನರೆದುರು ನಿಂತು, ಸೂರ್ಯ ಚಂದ್ರರು ಅಲ್ಲಾಹನ ನಿದರ್ಶನಗಳೆಂದೂ, ಯಾರ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಸ್ಪಷ್ಟಪಡಿಸಿದರು. ಈ ಹದೀಸನ್ನು ನಾನು ಮೂಢನಂಬಿಕೆಯ ವಿರುದ್ಧ ಅದೆಷ್ಟೋ ಸಲ ಉದ್ಧರಿಸಿದ್ದೇನೆ. ಅದು ಮೌನದ ವಿರುದ್ಧವೂ ಇದೆಯೆಂದು ನನಗೆ ಹೊಳೆದದ್ದು ನನ್ನ ಆ ನಗುವಿನ ನಂತರ. ನಾನು ಕಳೆದುಕೊಳ್ಳಬೇಕಾಗಿದ್ದದ್ದು ಏನು? ಒಂದು ಚಹಾದ ಅಂಗಡಿಯ ಮರ್ಯಾದೆ.

ತಪ್ಪಾಗಿ ಕಾಣುವುದು ಬೇರೆ, ಇದು ಬೇರೆ. ಅನಸ್ ಬಿನ್ ಮಾಲಿಕ್(ರ)ರವರ ಬಗ್ಗೆ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ನೂರರ ಸಮೀಪದ ವಯಸ್ಸಿನಲ್ಲಿ ಅವರು ಜನರೊಂದಿಗೆ ಚಂದ್ರದರ್ಶನಕ್ಕೆ ನಿಂತಿದ್ದಾಗ, ಅಗೋ ಕಂಡಿತೆಂದು ಬೆರಳು ತೋರಿಸಿದರು. ಬೇರಾರಿಗೂ ಕಾಣಲಿಲ್ಲ. ಅಂಥ ಮಹಾನ್ ಸಹಾಬಿಯ ಮಾತನ್ನು ಅಲ್ಲಗಳೆಯುವವರು ಯಾರು? ಚತುರನಾದ ಇಯಾಸ್ ಬಿನ್ ಮುಆವಿಯಾ ಹತ್ತಿರ ಬಂದು ನೋಡಿದರು. ಹುಬ್ಬಿನ ಒಂದು ಬಿಳಿಗೂದಲು ಬಾಗಿ ಅವರ ಕಣ್ಣ ಮುಂದೆ ಬಂದಿತ್ತು. ಅದನ್ನು ಮೆಲ್ಲಗೆ ಸವರಿ ಸರಿಪಡಿಸಿ, ಈಗ ಚಂದ್ರ ಎಲ್ಲಿದೆ ತೋರಿಸಿ ಎಂದರು. ಅನಸ್(ರ) ಮತ್ತೆ ನೋಡಿ, ಈಗ ಕಾಣುತ್ತಿಲ್ಲ ಎಂದುಬಿಟ್ಟರು. ಈ ಕಥೆಯಲ್ಲಿ ಎಲ್ಲರೂ ಇಯಾಸರ ಜಾಣ್ಮೆಯನ್ನು ಹೊಗಳುತ್ತಾರೆ. ನನಗೆ ಈಗ ಆ ಹಿರಿಯರ ಎರಡನೇ ಉತ್ತರವೇ ದೊಡ್ಡದಾಗಿ ಕಾಣುತ್ತದೆ. ಜನರೆಲ್ಲರ ಮುಂದೆ, ಆ ವಯಸ್ಸಿನಲ್ಲಿ, ಆ ಸ್ಥಾನದಲ್ಲಿ! ಅಂದು ಮಾಳಿಗೆಯ ಮೇಲೆ ನನ್ನ ಕಣ್ಣ ಮುಂದೆ ಕೂದಲೇನೂ ಇರಲಿಲ್ಲ.

ಸುಳ್ಳಿಗೆ ಕೂಲಿ ಬಂದದ್ದು ಮುಂದಿನ ವರ್ಷ. 2025ರ ಫೆಬ್ರವರಿ 28, ಶಅಬಾನ್ ಇಪ್ಪತ್ತೊಂಬತ್ತು. ಮಗ್ರಿಬ್ ಆದ ಮೇಲೆ ಪಶ್ಚಿಮದ ಕಡೆ ಎಲ್ಲರ ಕಣ್ಣು. ಅಮಾವಾಸ್ಯೆ ಆ ಬೆಳಿಗ್ಗೆಯಷ್ಟೇ ಮುಗಿದಿತ್ತು, ಚಂದ್ರನಿಗೆ ಹನ್ನೆರಡು ಗಂಟೆಯ ವಯಸ್ಸು, ಬರಿಗಣ್ಣಿಗೆ ಕಾಣುವ ಸಂಭವವೇ ಇರಲಿಲ್ಲ. ಆದರೆ ಒಬ್ಬ ಹುಡುಗ ಕಂಡೆನೆಂದ. ಮೊಬೈಲು ಹಿಡಿದು ‘ಬಂತು’ ಎಂದಿದ್ದ ಅದೇ ಹುಡುಗ. ಜನ ಸೇರಿದರು. ನನ್ನನ್ನು ಪ್ರಶ್ನಿಸಿದ್ದ ಅದೇ ಹಿರಿಯರು, “ಇವನ ಕಣ್ಣು ಚುರುಕು, ಅಂದು ಆ ಕೆಂಪು ಬೆಳಕನ್ನೂ ಸರ್ ಜೊತೆ ಕಂಡವನು” ಎಂದು ಅವನ ಪರ ನಿಂತರು.

ಒಂದು ಊರಿನ ಉಪವಾಸ ನನ್ನ ಮುಗುಳ್ನಗೆಯ ಮೇಲೆ ನಿಲ್ಲುವುದರಲ್ಲಿತ್ತು. ಕಿವಿ, ಕಣ್ಣು, ಹೃದಯ ಪ್ರತಿಯೊಂದರ ಬಗ್ಗೆಯೂ ವಿಚಾರಣೆಯಿದೆಯೆಂದು ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯ ಎಚ್ಚರಿಸುತ್ತದೆ. ಆ ವಿಚಾರಣೆ ಪರಲೋಕದವರೆಗೆ ಕಾಯದೆ ಮಸೀದಿಯ ಮೆಟ್ಟಿಲ ಮೇಲೆಯೇ ಶುರುವಾದಂತಾಯಿತು. ಹುಡುಗನನ್ನು ಬದಿಗೆ ಕರೆದು, ಎಲ್ಲಿ ಕಂಡೆ, ಕೊಂಬು ಯಾವ ಕಡೆಗಿತ್ತು ಎಂದು ಕೇಳಿದೆ. ಮೊದಲು ತಡವರಿಸಿದ, ಆಮೇಲೆ ತಲೆ ತಗ್ಗಿಸಿದ. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಮೆಲ್ಲಗೆ ಹೇಳಿದ: “ಅವತ್ತು ನೀವೂ ಅಲ್ಲ ಅನ್ನಲಿಲ್ಲವಲ್ಲ, ಸರ್.”

ನಾನು ಅವನ ಕೈಹಿಡಿದುಕೊಂಡೇ ಜನರ ಬಳಿಗೆ ಬಂದೆ. ಚಂದ್ರನ ಮಾತು ಆಮೇಲೆ, ಮೊದಲು ನನ್ನದೊಂದು ಬಾಕಿಯಿದೆ ಎಂದೆ. ಅಕ್ಟೋಬರಿನ ಆ ರಾತ್ರಿ ನಾನು ಏನನ್ನೂ ಕಾಣಲಿಲ್ಲ, ಕಂಡೆನೆಂದು ನೀವು ತಿಳಿದುಕೊಳ್ಳಲು ಬಿಟ್ಟೆ ಎಂದು ಹೇಳಿದೆ. ಯಾರೋ ನಕ್ಕರು. ಹಿರಿಯರು ನಗಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿ, “ಇದನ್ನು ಅಂದೇ ಹೇಳಬಾರದಿತ್ತೇ?” ಎಂದರು. ನಾನು ಉತ್ತರಿಸುವ ಮೊದಲೇ ಹುಡುಗ ಮುಂದೆ ಬಂದು, ತಾನೂ ಚಂದ್ರನನ್ನು ಕಂಡಿಲ್ಲವೆಂದ. ಅವನ ಧ್ವನಿ ನನ್ನದಕ್ಕಿಂತ ಗಟ್ಟಿಯಾಗಿತ್ತು. ದೇಶದ ಬಹುಭಾಗದಂತೆ ನಾವೂ ಮಾರ್ಚ್ 2ರಂದು ಮೊದಲ ಉಪವಾಸ ಹಿಡಿದೆವು.

ಸೂರ್ಯಕಲೆಗಳ ನಮ್ಮ ಆ ಪುಸ್ತಕ ಈಗಲೂ ಇದೆ. ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಮತ್ತೆ ಕಡಿಮೆಯಾಗುತ್ತವೆ. ಒಂದೂ ಕಲೆಯಿಲ್ಲದ ದಿನಗಳೂ ಮುಂದೆ ಬರಲಿವೆ. ಅಂಥ ದಿನ ಏನು ಬರೆಯಬೇಕೆಂದು ಹುಡುಗರು ಕೇಳಿದರು. ಸೊನ್ನೆ ಬರೆಯಿರಿ ಎಂದೆ. ಜಗತ್ತಿನ ಹವ್ಯಾಸಿ ವೀಕ್ಷಕರೂ ಸೊನ್ನೆಯನ್ನು ಲೆಕ್ಕಕ್ಕೆ ಕಳಿಸುತ್ತಾರೆ, ಪುಟ ಖಾಲಿ ಬಿಡುವುದಿಲ್ಲ. ಅಕ್ಟೋಬರ್ 10ರ ಪುಟದಲ್ಲಿ ಆ ಹುಡುಗ ‘ಕೆಂಪು ಬೆಳಕು, ರಾತ್ರಿ 1’ ಎಂದು ಬರೆದಿದ್ದ. ಅದನ್ನು ಅಳಿಸಬೇಡ, ಒಂದು ಗೆರೆ ಎಳೆ ಸಾಕು ಎಂದೆ. ಗೆರೆ ಎಳೆದು ಕೆಳಗೆ ಹೀಗೆ ಬರೆದಿದ್ದಾನೆ: ‘ಮೊಬೈಲಿನಲ್ಲಿ ಕೆಂಪು, ಅಥಣಿ ದೀಪದ್ದು ಇರಬೇಕು. ಕಣ್ಣಿಗೆ ಏನೂ ಕಾಣಲಿಲ್ಲ. ಸರ್‌ಗೂ.’