ತಾಗದೆ ಹೋದ ಬಣ್ಣ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ಊರುಗಳ ಅಂಚಿನಲ್ಲಿ ವೆಲ್ಡಿಂಗ್ ಶೆಡ್ಡುಗಳಿವೆ. ಟ್ರ್ಯಾಕ್ಟರಿನ ಟ್ರೇಲರ್, ನೀರಿನ ಟ್ಯಾಂಕರ್, ಕೂರಿಗೆ, ಕುಂಟೆ, ಮನೆಯ ಗೇಟು, ಕಿಟಕಿಯ ಗ್ರಿಲ್ಲು ಎಲ್ಲ ಆಗುವುದು ಇಂಥಲ್ಲೇ. ಬೆಸುಗೆ ಮುಗಿದು, ಗ್ರೈಂಡರ್ ಹೊಡೆದು, ಎಮರಿ ಪೇಪರಿನಿಂದ ತಿಕ್ಕಿದ ಕಬ್ಬಿಣದ ಮೇಲೆ ಮೊದಲು ಬೀಳುವುದು ರೆಡ್ ಆಕ್ಸೈಡ್. ಅದರೊಳಗಿನ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ಪಕ್ಕದ ಸಂಡೂರು ಗುಡ್ಡಗಳ ಹೆಮಟೈಟ್ ಅದಿರೂ ಅದೇ. ತುಕ್ಕು ಅದರದೇ ನೀರು ಕುಡಿದ ದಾಯಾದಿ. ಕೆಡಬೇಕಾದಷ್ಟು ಕೆಟ್ಟು ಮುಗಿದ ಕಬ್ಬಿಣವನ್ನು ತಂದು, ಇನ್ನೂ ಕೆಡದ ಕಬ್ಬಿಣಕ್ಕೆ ಕಾವಲು ಕೂರಿಸುತ್ತೇವೆ.

ಆ ಕಾವಲನ್ನು ಹೊತ್ತು ತರುವುದು ಗಾಳಿ. ಶೆಡ್ಡಿನಲ್ಲಿ ಬಣ್ಣ ಸಿಂಪಡಿಸುವ ಕೈಗನ್ನಿನ ಟ್ರಿಗರ್‌ಗೆ ಎರಡು ಹಂತ. ಬೆರಳು ಅರ್ಧ ಎಳೆದರೆ ಗಾಳಿ ಮಾತ್ರ ಹೊರಡುತ್ತದೆ, ಪೂರ್ತಿ ಎಳೆದರೆ ನೀಡಲ್ ಹಿಂದೆ ಸರಿದು ಬಣ್ಣ ಬರುತ್ತದೆ. ಬಿಡುವಾಗ ಇದರ ತಿರುಗಾಮುರುಗಾ: ಬಣ್ಣ ಮೊದಲು ನಿಲ್ಲಬೇಕು, ಗಾಳಿ ಆಮೇಲೆ. ಈ ಕ್ರಮ ತಪ್ಪಿದರೆ ಬಣ್ಣ ಮಂಜಾಗುವುದಿಲ್ಲ, ಹನಿಹನಿಯಾಗಿ ಉಗುಳುತ್ತದೆ. 'ಲೇ ತಮ್ಮಾ, ಗಾಳಿ ಬಿಟ್ಟು ಆಮ್ಯಾಲೆ ಬಣ್ಣ ಬಿಡು' ಎಂದು ಮೇಸ್ತ್ರಿ ಹುಡುಗನಿಗೆ ಹೇಳುವುದು ಇದನ್ನೇ.

ಆಟೊಮ್ಯಾಟಿಕ್ ಗನ್ ಇರುವುದು ಬಿಡದಿಯಂಥ ಕಡೆಯ ದೊಡ್ಡ ಕಾರ್ಖಾನೆಗಳಲ್ಲಿ, ಐಟಿಐ ಮುಗಿಸಿದ ನಮ್ಮ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಹೋಗುವ ಊರುಗಳಲ್ಲಿ. ಅದಕ್ಕೆ ಟ್ರಿಗರ್ ಇಲ್ಲ, ಹಿಡಿಯೂ ಇಲ್ಲ. ಕಂಬಿಗೋ ಯಂತ್ರದ ತೋಳಿಗೋ ಬಿಗಿದಿರುತ್ತಾರೆ. ಸರಕು ಕನ್ವೇಯರ್ ಮೇಲೆ ಎದುರಿಗೆ ಬಂದಾಗ ಒಂದು ವಾಲ್ವ್ ತೆರೆಯುತ್ತದೆ, ಸುಮಾರು 3-4 ಬಾರ್ ಒತ್ತಡದ ಗಾಳಿ ಗನ್ನಿನ ಬೆನ್ನಿಗಿರುವ ಪಿಸ್ಟನ್ನನ್ನು ತಳ್ಳುತ್ತದೆ. ಆ ಪಿಸ್ಟನ್ ಮಾಡುವುದೂ ಬೆರಳು ಮಾಡುತ್ತಿದ್ದುದನ್ನೇ: ಮೊದಲು ಗಾಳಿಯ ದಾರಿ, ಮರುಕ್ಷಣ ನೀಡಲ್. ಮುಚ್ಚುವಾಗ ಸ್ಪ್ರಿಂಗು ಅದೇ ಕ್ರಮವನ್ನು ತಿರುಗಿಸಿ ನಡೆಸುತ್ತದೆ. ಬೆರಳು ಹೋದರೂ ಬೆರಳಿಗೆ ಗೊತ್ತಿದ್ದ ಕ್ರಮ ಹೋಗಲಿಲ್ಲ.

ಹೋದದ್ದು ಬೇರೆಯದು. ಕೈಯಲ್ಲಿ ಗನ್ ಹಿಡಿದವನು ಆರರಿಂದ ಎಂಟು ಇಂಚು ದೂರ ಕಾಯ್ದುಕೊಂಡು, ಒಂದು ಪಟ್ಟಿಯ ಅರ್ಧದ ಮೇಲೆ ಮುಂದಿನ ಪಟ್ಟಿ ಬೀಳುವಂತೆ ಕೈಯಾಡಿಸುತ್ತಾನೆ. ಬಣ್ಣ ಇಳಿಯತೊಡಗಿದರೆ ಕೈ ತಾನೇ ಚುರುಕಾಗುತ್ತದೆ. ನಾಜಲ್ ಕಟ್ಟಿಕೊಳ್ಳುತ್ತಿದೆ ಎಂಬುದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ, ಅದರ ಸದ್ದಿನಲ್ಲಿ, ತಿಳಿದಿರುತ್ತದೆ. ತಪ್ಪು ನಡೆಯುತ್ತಿರುವಾಗಲೇ ತಿದ್ದುಪಡಿಯೂ ನಡೆಯುತ್ತದೆ. ಯಂತ್ರಕ್ಕೆ ಕಟ್ಟಿದ ಗನ್ನಿಗೆ ಆ ಆತಂಕವಿಲ್ಲ. ಬೆಳಿಗ್ಗೆ ಏನಿತ್ತೋ ಅದನ್ನೇ ಸಂಜೆಯವರೆಗೂ ನಡೆಸುತ್ತದೆ. ಸರಿಯಿದ್ದರೆ ಸರಿಯನ್ನು, ತಪ್ಪಿದ್ದರೆ ತಪ್ಪನ್ನು. ಹಾಗಾಗಿ ಎಚ್ಚರ ಎಂಬುದು ಬಣ್ಣ ಹೊಡೆಯುವ ಗಳಿಗೆಯಿಂದ ಕಳಚಿ, ಅದರ ಹಿಂದಿನ ಮತ್ತು ಮುಂದಿನ ಗಳಿಗೆಗಳಿಗೆ ಹೋಗಿ ಸೇರಿತು. ಯಂತ್ರ ಮನುಷ್ಯನ ಹೊಣೆಯನ್ನು ಇಳಿಸುತ್ತದೆ ಎಂದು ಎಷ್ಟು ಸುಲಭವಾಗಿ ಹೇಳುತ್ತೇವೆ! ಅದು ಇಳಿಸಿದ್ದು ಶ್ರಮವನ್ನು. ಹೊಣೆಯನ್ನು ಎತ್ತಿ, ಯಾರೂ ನೋಡದ ಹೊತ್ತಿಗೆ ಇಟ್ಟುಬಿಟ್ಟಿದೆ.

ಆ ಹೊತ್ತು ಎಂದರೆ ಗನ್ ತೊಳೆಯುವ ಹೊತ್ತು. ಮೊದಲು ಗಾಳಿಯ ಒತ್ತಡ, ಬಣ್ಣದ ಒತ್ತಡ ಎರಡನ್ನೂ ಇಳಿಸಬೇಕು. ಬಣ್ಣದ ದಾರಿಯಲ್ಲಿ ಥಿನ್ನರ್ ಹರಿಸಿ, ಅದು ತಿಳಿಯಾಗಿ ಬರುವ ತನಕ ಕಾಯಬೇಕು. ಇಡೀ ಗನ್ನನ್ನು ಥಿನ್ನರ್ ಡಬ್ಬಿಯಲ್ಲಿ ಮುಳುಗಿಸಿಡುವುದು ಶುಚಿಯಂತೆ ಕಂಡರೂ ಕೇಡು. ಒಳಗಿನ ಪ್ಯಾಕಿಂಗುಗಳ ಜಿಡ್ಡು ಹೋಗಿ ಅವು ಒಣಗುತ್ತವೆ, ಕರಗಿದ ಬಣ್ಣ ಗಾಳಿಯ ದಾರಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಏರ್ ಕ್ಯಾಪಿನ ಸೂಕ್ಷ್ಮ ತೂತುಗಳಿಗೆ ಮೆತ್ತನೆಯ ಬ್ರಶ್ಶೋ ಮರದ ಕಡ್ಡಿಯೋ ಸಾಕು. ಅವಸರಕ್ಕೆ ತಂತಿ ತೂರಿಸಿದರೆ ಕಸ ಹೋಗುತ್ತದೆ, ಆದರೆ ತೂತಿನ ಅಂಚಿಗೆ ಬಿದ್ದ ಗೀರು ಹೋಗುವುದಿಲ್ಲ. ಮುಂದೆ ಆ ಗನ್ ಬದುಕಿರುವಷ್ಟು ಕಾಲ ಗಾಳಿ ಅಲ್ಲಿ ಓರೆಯಾಗಿಯೇ ಹೊರಡುತ್ತದೆ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಕೂತ ನೀರನ್ನು ದಿನವೂ ಬಸಿಯಬೇಕು. ನಮ್ಮ ಒಣ ಸೀಮೆಯ ಗಾಳಿಯಲ್ಲೂ ನೀರಿದೆ, ಹಿಂಡಿದಾಗ ಗೊತ್ತಾಗುತ್ತದೆ.

ಈ ಕೆಲಸದಲ್ಲಿ ಒಂದು ಪರೀಕ್ಷೆಯಿದೆ. ನನ್ನ ಮನಸ್ಸು ಅಲ್ಲಿಂದ ಮುಂದಕ್ಕೆ ಬೇಗ ಹೋಗುವುದಿಲ್ಲ. ಗನ್ನಿನಿಂದ ಹೊರಡುವ ಬಣ್ಣದ ಪಟ್ಟಿ ನೀಳವಾದ ಮೊಟ್ಟೆಯಾಕಾರದಲ್ಲಿ ಬೀಳಬೇಕು. ಅದು ಒಂದು ಕಡೆಗೆ ಬಾಗಿ ಬಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಎಲ್ಲಿ? ಬಿಚ್ಚಿ ಕೆದಕುವ ಮೊದಲು ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ, ಒಂದು ರಟ್ಟಿನ ಮೇಲೆ ಮತ್ತೆ ಬಣ್ಣ ಹೊಡೆದು ನೋಡಬೇಕು. ಬಾಗೂ ಜೊತೆಗೆ ತಿರುಗಿದರೆ ದೋಷ ಕ್ಯಾಪಿನದು. ಕ್ಯಾಪ್ ತಿರುಗಿಯೂ ಬಾಗು ಇದ್ದಲ್ಲೇ ಇದ್ದರೆ ದೋಷ ಒಳಗಿನ ನಾಜಲ್‌ನದು. ಮೇಲೆ ಕಾಣುವುದನ್ನೇ ತಪ್ಪಿತಸ್ಥ ಎನ್ನದೆ, ಅದನ್ನು ಇದ್ದ ಜಾಗದಿಂದ ಸ್ವಲ್ಪ ಕದಲಿಸಿ, ದೋಷ ಹಿಂಬಾಲಿಸುತ್ತದೆಯೇ ಎಂದು ಕಾಯುವ ಈ ತಾಳ್ಮೆ ಪಂಚಾಯಿತಿ ಕಟ್ಟೆಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಇದ್ದಿದ್ದರೆ ಎಷ್ಟು ಜನ ಮಾಡದ ತಪ್ಪಿನ ಹೊರೆ ಹೊರುವುದು ತಪ್ಪುತ್ತಿತ್ತು.

ಇಷ್ಟೆಲ್ಲ ಜೋಪಾನ ಮಾಡಿದರೂ ಗನ್ನಿನಿಂದ ಹೊರಟ ಬಣ್ಣವೆಲ್ಲ ಕಬ್ಬಿಣಕ್ಕೆ ತಾಗುವುದಿಲ್ಲ. ಹೆಚ್ಚು ಒತ್ತಡದ ಹಳೆಯ ಬಗೆಯ ಗನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ಗಾಳಿಪಾಲಾಗುವುದು ಸಾಮಾನ್ಯ. ಗ್ರಿಲ್ಲಿನಂಥ ಸಂದುಗಳ ಸರಕಾದರೆ ಇನ್ನೂ ಹೆಚ್ಚು. ಎಚ್‌ವಿಎಲ್‌ಪಿ ಎಂದು ಕರೆಯುವ ಗನ್ನು ಕ್ಯಾಪಿನಲ್ಲಿ 10 ಪಿಎಸ್ಐ ಮೀರದ ಮೆಲುಗಾಳಿಯಿಂದ ಕೆಲಸ ಮಾಡುತ್ತದೆ. ಕನಿಷ್ಠ ಶೇಕಡಾ 65ರಷ್ಟು ಬಣ್ಣವಾದರೂ ತಾಗಲೇಬೇಕು ಎಂದು ಕ್ಯಾಲಿಫೋರ್ನಿಯಾದಲ್ಲಿ ನಿಯಮವೇ ಬಂತು. ಉಳಿದದ್ದು?

ಇಂಡೊನೇಷ್ಯಾದ ಸುಲವೇಸಿ ದ್ವೀಪದ ಒಂದು ಗುಹೆಯಲ್ಲಿ ಯಾರೋ ಬಂಡೆಗೆ ಅಂಗೈಯೊತ್ತಿ, ಅದರ ಸುತ್ತ ಬಣ್ಣ ಊದಿದ್ದಾರೆ. ಕಡಿಮೆಯೆಂದರೂ 39,900 ವರ್ಷಗಳ ಹಿಂದಿನ ಗುರುತದು. ಕೈಗೆ ತಾಗಿದ ಬಣ್ಣ ತೊಳೆದುಹೋಯಿತು. ಕೈಯನ್ನು ತಪ್ಪಿಸಿಕೊಂಡು ಹೋದ ಬಣ್ಣ ಬಂಡೆಯ ಮೇಲೆ ಉಳಿದು, ಅಲ್ಲೊಂದು ಕೈ ಇತ್ತು ಎಂದು ಇವತ್ತಿಗೂ ಹೇಳುತ್ತಿದೆ. ಶೆಡ್ಡಿನಲ್ಲಿ ತಾಗದೆ ಹೋದ ಬಣ್ಣಕ್ಕೂ ಇಂಥದ್ದೇ ಬಂಡೆಯೊಂದು ಸಿಗುತ್ತದೆ. ಗೋಡೆ, ಬೇವಿನ ಮರದ ಎಲೆ, ಚಹಾ ಲೋಟ, ಹುಡುಗನ ಎದೆಗೂಡು.

ಸ್ಪ್ರೇ ಗನ್ ಹುಟ್ಟಿದ ಕಥೆ ನೆನಪಾದಾಗ ಇದು ಇನ್ನಷ್ಟು ನೋಯಿಸುತ್ತದೆ. ಅಮೆರಿಕದ ಟೊಲೀಡೊ ಊರಿನಲ್ಲಿ ಅಲೆನ್ ಡಿವಿಲ್ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧವನ್ನು ಮಂಜಾಗಿ ಸಿಂಪಡಿಸುವ ಉಪಕರಣ ಮಾಡಿ 1888ರಲ್ಲಿ ಕಂಪನಿ ಕಟ್ಟಿದರು. ಅವರ ಮಗ ಥಾಮಸ್ 1907ರಲ್ಲಿ ಅದೇ ಉಪಾಯವನ್ನು ಬಣ್ಣಕ್ಕೆ ಒಗ್ಗಿಸಿದರು. ಗಂಟಲನ್ನು ಗುಣಪಡಿಸಲೆಂದು ಬಂದ ಮಂಜು ಈಗ ಗಂಟಲಿಗೆ ಥಿನ್ನರಿನ ಟಾಲ್ಯೂಯಿನ್, ಜೈಲೀನ್ ಇಳಿಸುತ್ತದೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು ಬಣ್ಣದ ಹಾರ್ಡ್‌ನರ್‌ನಲ್ಲಿರುವ ಐಸೊಸೈನೇಟ್ ಒಮ್ಮೆ ದಮ್ಮು ಹತ್ತಿಸಿದರೆ, ಆಮೇಲೆ ಅದರ ಸೋಂಕು ತುಸು ತಾಗಿದರೂ ಮರುಕಳಿಸುತ್ತದೆ. ಕಾರ್ಖಾನೆಯಲ್ಲಿ ಗನ್ನನ್ನು ಯಂತ್ರಕ್ಕೆ ಕಟ್ಟಿದ್ದರಿಂದ ಆದ ದೊಡ್ಡ ಒಳಿತು, ನನ್ನ ಲೆಕ್ಕದಲ್ಲಿ, ನುಣುಪಾದ ಬಣ್ಣವಲ್ಲ. ಬಣ್ಣ ಹೊಡೆಯುವ ಬೂತಿನೊಳಗೆ ಮನುಷ್ಯನ ಮೂಗು ಇಲ್ಲದಂತಾದದ್ದು.

ನಮ್ಮ ಶೆಡ್ಡುಗಳಿಗೆ ಆ ಗನ್ ಬರಲು ಬಹುಕಾಲ ಬೇಕು, ಬಾರದೆಯೂ ಇರಬಹುದು. ಇಲ್ಲಿ ಬೂತ್ ಎಂದರೆ ಬಯಲು, ಎಕ್ಸಾಸ್ಟ್ ಫ್ಯಾನ್ ಎಂದರೆ ಆಷಾಢದ ಗಾಳಿ. ಮೇಸ್ತ್ರಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಟ್ರೇಲರಿನ ಆಚೆ ಬದಿಗೆ ಪೈಪು ಎಳೆಯುವ ಹುಡುಗ ಎಲ್ಲಿ ನಿಲ್ಲಬೇಕು? ಮೂಗಿಗೆ ಕಟ್ಟಿದ ಟವೆಲ್ಲು ಹನಿಯನ್ನು ತುಸು ತಡೆದೀತು, ಥಿನ್ನರಿನ ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಐಸೊಸೈನೇಟ್ ಇದ್ದರೆ ಅದೂ ಸಾಲದು, ಬೇರೆ ಕಡೆಯ ಶುದ್ಧ ಗಾಳಿಯನ್ನು ಪೈಪಿನಲ್ಲಿ ತಂದು ಉಸಿರಾಡಬೇಕು. ಸೀಸದ ಮಾತೂ ಇದೆ. ನಮ್ಮ ದೇಶದ 2016ರ ನಿಯಮ ಮನೆಬಳಕೆಯ, ಅಲಂಕಾರದ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿ 2017ರ ನವೆಂಬರಿನಿಂದ ಜಾರಿಗೆ ಬಂತು. ಕೈಗಾರಿಕೆಯ ಬಣ್ಣ ಅದರ ಹೊರಗುಳಿಯಿತು. ಕೊಟ್ಟೂರ ತೇರಿಗೆ, ಮೈಲಾರದ ಜಾತ್ರೆಗೆ ಮಕ್ಕಳು ಟ್ರೇಲರಿನ ಅಂಚು ಹಿಡಿದು ಕೂತು ಹೋಗುವುದನ್ನು ನೋಡಿದವರಿಗೆ ಈ ವಿಂಗಡಣೆ ಒಪ್ಪಿಗೆಯಾಗದು.

ಹೊಸ ಟ್ರೇಲರಿಗೆ ಲೆಕ್ಕ ಬರೆದುಕೊಡುವಾಗ ಕಬ್ಬಿಣಕ್ಕೆ, ವೆಲ್ಡಿಂಗ್ ರಾಡಿಗೆ, ಟೈರಿಗೆ, ಪೇಂಟಿಗೆ, ಥಿನ್ನರಿಗೆ, ಕೂಲಿಗೆ ಒಂದೊಂದು ಸಾಲು ಇರುತ್ತದೆ. ಕಾರ್ಟ್ರಿಜ್ ಮಾಸ್ಕಿಗೂ ಅಲ್ಲೊಂದು ಸಾಲು ಬರಲಿ, ಕೊಳ್ಳುವ ರೈತ ಅದನ್ನು ಚೌಕಾಸಿ ಮಾಡದೆ ಕೊಡಲಿ. ಹುಡುಗನ ಮುಖಕ್ಕೂ ಸರಿಹೊಂದುವ ಅಳತೆಯದ್ದನ್ನೇ ತರಲಿ.